ದೀರ್ಘಕಾಲದ ನೋವಿಗೆ ಚಿಕಿತ್ಸೆ: ತಲೆ ಮಂಕಾಗದಂತೆ ನೋಡಿಕೊಳ್ಳುವ ಕ್ರಮ

ಮೂರು ತಿಂಗಳು ಕಳೆದರೂ ಹೋಗದ, ಅಥವಾ ಹೋದಂತೆ ಮಾಡಿ ಮತ್ತೆ ಮತ್ತೆ ಮರುಕಳಿಸುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಗುರುತಿಸುತ್ತಾರೆ. ಸೊಂಟನೋವು, ಮಂಡಿನೋವು, ಕತ್ತಿನಿಂದ ತೋಳಿಗೆ ಇಳಿಯುವ ಸೆಳೆತ, ಸಕ್ಕರೆ ಕಾಯಿಲೆಯವರ ಪಾದದ ಉರಿ, ಸರ್ಪಸುತ್ತಿನ ಗುಳ್ಳೆಗಳು ಮಾಸಿದ ಮೇಲೂ ಉಳಿದುಬಿಡುವ ಚುಚ್ಚುನೋವು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇಂಥ ನೋವಿರುವವರ ಇಕ್ಕಟ್ಟು ಹೆಚ್ಚುಕಡಿಮೆ ಒಂದೇ ಬಗೆಯದು: ಮಾತ್ರೆ ತೆಗೆದುಕೊಂಡರೆ ತಲೆ ಭಾರ, ತೆಗೆದುಕೊಳ್ಳದಿದ್ದರೆ ನೋವು. ಕೆಲವರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಉಳಿದವರು ಮರೆವು, ತೂಕಡಿಕೆ, ಮಾತು ತಡವರಿಸುವುದು ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತಾರೆ. ಎರಡೂ ಬೇಕಿಲ್ಲ. ಚಿಕಿತ್ಸೆ ಫಲಿಸಿದೆಯೇ ಎಂಬುದನ್ನು ನೋವು ಎಷ್ಟು ತಗ್ಗಿತು ಎಂಬುದರಿಂದ ಮಾತ್ರ ಅಳೆಯದೆ, ತಲೆ ಎಷ್ಟು ತಿಳಿಯಾಗಿದೆ ಎಂಬುದನ್ನೂ ಅದರ ಪಕ್ಕದಲ್ಲೇ ಇಟ್ಟು ಅಳೆದರೆ ದಾರಿ ಸಾಮಾನ್ಯವಾಗಿ ಸಿಗುತ್ತದೆ.

ವಿಷಯ ಸ್ಪಷ್ಟವಾಗಲು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವರು, ಐವತ್ತೈದು ದಾಟಿದವರು, ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವವರು. ರಾತ್ರಿ ಹಾಸಿಗೆಗೆ ಹೋದೊಡನೆ ಪಾದ ಉರಿಯುತ್ತದೆ, ಹಗಲು ಕುಳಿತೇ ಇರುವುದರಿಂದ ಸೊಂಟ ಹಿಡಿಯುತ್ತದೆ. ಅವರ ಜೀವನೋಪಾಯ ನಿಂತಿರುವುದೇ ತಲೆಯ ಚುರುಕಿನ ಮೇಲೆ. ಒಂದು ಅಂಕಿ ತಪ್ಪಿದರೂ ದಿನದ ಲೆಕ್ಕ ತಾಳೆಯಾಗುವುದಿಲ್ಲ.

ಮೊದಲು, ಕಾಯಬಾರದ ಲಕ್ಷಣಗಳಿವೆಯೇ ನೋಡಿ

ಸೊಂಟನೋವಿನ ಜೊತೆಗೆ ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಮೂತ್ರ ಕಟ್ಟಿಕೊಳ್ಳುವುದು, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟುವುದು, ಕಾಲಿನ ಬಲ ದಿನದಿಂದ ದಿನಕ್ಕೆ ಕುಂದುವುದು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನೋವಿನೊಂದಿಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ, ಮಲಗಿದರೂ ಶಮನವಾಗದ ರಾತ್ರಿಯ ನೋವು ಇದ್ದಾಗಲೂ ತಡಮಾಡದೆ ವೈದ್ಯರನ್ನು ಕಾಣಬೇಕು. ಹಾಗೆಯೇ ವಯಸ್ಸಾದವರಲ್ಲಿ ಒಂದೆರಡು ದಿನಗಳಲ್ಲೇ ಹಠಾತ್ತನೆ ಗೊಂದಲ ಕಾಣಿಸಿಕೊಂಡರೆ ಅದನ್ನು ಮಾತ್ರೆಯ ಮಂಪರು ಎಂದು ಬಿಡುವಂತಿಲ್ಲ. ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಪಾರ್ಶ್ವವಾಯು ಇವೂ ಹಾಗೆಯೇ ಮುಖ ತೋರಿಸುತ್ತವೆ.

ಎರಡನೆಯದಾಗಿ, ಮಂಕು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ

ತಲೆ ಮಂಕಾದೊಡನೆ ಮಾತ್ರೆಯನ್ನು ದೂರುವುದು ಸಹಜ, ಆದರೆ ಅದು ಹಲವು ಕಾರಣಗಳಲ್ಲಿ ಒಂದು ಮಾತ್ರ. ನೋವು ತಾನೇ ಗಮನವನ್ನು ಕಿತ್ತುಕೊಳ್ಳುತ್ತದೆ. ಓದುತ್ತಿರುವ ಸಾಲನ್ನು ಮತ್ತೆ ಓದಬೇಕಾಗುತ್ತದೆ, ಹೇಳಬೇಕೆಂದಿದ್ದ ಮಾತು ನಡುವೆಯೇ ಜಾರುತ್ತದೆ. ಮುರಿದು ಮುರಿದು ಬರುವ ನಿದ್ದೆ ಮರುದಿನದ ನೆನಪನ್ನೂ ಕೆಡಿಸುತ್ತದೆ, ನೋವು ತಾಳುವ ಶಕ್ತಿಯನ್ನೂ ತಗ್ಗಿಸುತ್ತದೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು ರಾತ್ರಿಯಿಡೀ ಮಲಗಿದ್ದರೂ ಬೆಳಿಗ್ಗೆ ದಣಿದೇ ಏಳುತ್ತಾರೆ. ಥೈರಾಯ್ಡ್ ಕೊರತೆ, ರಕ್ತಹೀನತೆ ಮತ್ತು ಖಿನ್ನತೆಯೂ ಮಂಕಿಗೆ ಕಾರಣವಾಗಬಲ್ಲವು.

ಇವುಗಳಲ್ಲಿ ವಿಟಮಿನ್ ಬಿ12ರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮಲ್ಲಿ ಇದು ತೀರಾ ಸುಲಭವಾಗಿ ಕಣ್ತಪ್ಪುತ್ತದೆ. ಈ ವಿಟಮಿನ್ ಸಿಗುವುದು ಮಾಂಸ, ಮೀನು, ಮೊಟ್ಟೆ ಮತ್ತು ಹಾಲಿನ ಪದಾರ್ಥಗಳಿಂದ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಆಧಾರ, ಅವನ್ನೂ ಕಡಿಮೆ ಮಾಡಿದವರಿಗೆ ಕೊರತೆ ಬರುವ ಸಂಭವ ಹೆಚ್ಚು. ಅದರ ಮೇಲೆ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಅನ್ನು ಹೀರಿಕೊಳ್ಳುವ ಪ್ರಮಾಣ ಇನ್ನಷ್ಟು ಇಳಿಯುತ್ತದೆ. ಕೊರತೆಯಾದಾಗ ಪಾದ ಜೋಮು ಹಿಡಿಯುವುದು, ಉರಿಯುವುದು, ನಡೆಯುವಾಗ ತೂಗಾಡುವುದು, ಮರೆವು, ಗಮನ ನಿಲ್ಲದಿರುವುದು ಎಲ್ಲವೂ ಒಟ್ಟಿಗೆ ಬರಬಹುದು. ನಮ್ಮ ಲೆಕ್ಕಿಗರ ಕಾಲುರಿಗೆ ಸಕ್ಕರೆ ಕಾಯಿಲೆಯನ್ನೂ, ಮಂಕಿಗೆ ಮಾತ್ರೆಯನ್ನೂ ಹೊಣೆ ಮಾಡಿದ್ದರೆ, ಎರಡರ ಹಿಂದೆಯೂ ಇರಬಹುದಾದ ಈ ಒಂದು ಕೊರತೆ ತಪ್ಪಿಸಿಕೊಂಡುಬಿಡುತ್ತಿತ್ತು. ಬಿ12, ಹಿಮೋಗ್ಲೋಬಿನ್, ಥೈರಾಯ್ಡ್, ರಕ್ತದ ಸಕ್ಕರೆ ಮತ್ತು ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಗಳನ್ನು ಮಾಡಿಸುವ ಬಗ್ಗೆ ವೈದ್ಯರಲ್ಲಿ ಕೇಳಿ. ಬಿ12 ಪರೀಕ್ಷೆಗೆ ರಕ್ತ ಕೊಡುವವರೆಗೆ ಆ ವಿಟಮಿನ್ ಮಾತ್ರೆಯನ್ನಾಗಲೀ ಚುಚ್ಚುಮದ್ದನ್ನಾಗಲೀ ಸ್ವಂತವಾಗಿ ಆರಂಭಿಸದಿರುವುದು ಒಳ್ಳೆಯದು. ಆರಂಭಿಸಿದ ಮೇಲೆ ಅಂಕಿ ಸರಿಯಾಗಿಯೇ ಕಂಡು ಕೊರತೆ ಮುಚ್ಚಿಹೋಗುತ್ತದೆ.

ಮೂರನೆಯದಾಗಿ, ಎರಡು ವಾರ ದಿನಚರಿ ಬರೆಯಿರಿ

ಒಂದು ನೋಟ್‌ಪುಸ್ತಕ ಸಾಕು. ದಿನಕ್ಕೆ ನಾಲ್ಕು ಬಾರಿ, ಅಂದರೆ ಎದ್ದಾಗ, ಮಧ್ಯಾಹ್ನ, ಸಂಜೆ ಮತ್ತು ಮಲಗುವ ಮುನ್ನ, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ, ತಲೆಯ ತಿಳಿಗೆ ಸೊನ್ನೆಯಿಂದ ಹತ್ತರೊಳಗೆ ಇನ್ನೊಂದು ಅಂಕಿ ಕೊಡಿ. ಪಕ್ಕದಲ್ಲಿ ಯಾವ ಮಾತ್ರೆ ಎಷ್ಟು ಗಂಟೆಗೆ, ಹಿಂದಿನ ರಾತ್ರಿ ಎಷ್ಟು ಬಾರಿ ಎಚ್ಚರವಾಯಿತು, ಯಾವ ಕೆಲಸ ಮಾಡಲಾಯಿತು ಅಥವಾ ಬಿಡಬೇಕಾಯಿತು ಎಂಬುದಿರಲಿ. ಒಂದು ಸಾಲು ಹೀಗಿರಬಹುದು: «ಬೆಳಿಗ್ಗೆ 7. ನೋವು 4, ತಿಳಿ 3. ರಾತ್ರಿ 11ಕ್ಕೆ ಉರಿಯ ಮಾತ್ರೆ. ಎರಡು ಸಲ ಎಚ್ಚರ. ಹತ್ತು ಗಂಟೆಯವರೆಗೆ ರಶೀದಿ ಕೂಡಿಸಲು ಆಗಲಿಲ್ಲ.» ಮಧ್ಯಾಹ್ನದ ಸಾಲಿನಲ್ಲಿ ನೋವು 5ಕ್ಕೆ ಏರಿ ತಿಳಿಯೂ 7ಕ್ಕೆ ಏರಿದ್ದರೆ ರಾತ್ರಿಯ ಮಾತ್ರೆ ಬೆಳಗಿನವರೆಗೂ ಉಳಿಯುತ್ತಿದೆ ಎಂದು ಅನುಮಾನಿಸಬೇಕು. ನೋವು ಏರಿದಾಗಲೆಲ್ಲ ತಿಳಿ ಇಳಿಯುತ್ತಿದ್ದರೆ ಮಂಕಿನ ಮೂಲ ನೋವೇ ಆಗಿರಬಹುದು, ಆಗ ಚಿಕಿತ್ಸೆ ಸಾಲದು ಎಂದರ್ಥ. ರಾತ್ರಿ ಹೆಚ್ಚು ಎಚ್ಚರವಾದ ಮರುದಿನ ಎರಡೂ ಕೆಟ್ಟಿದ್ದರೆ ನಿದ್ದೆಯ ಕಡೆ ನೋಡಬೇಕು. ಸಕ್ಕರೆ ಕಾಯಿಲೆಯವರು ಮಂಕು ಕವಿದ ಹೊತ್ತಿನಲ್ಲಿ ಗ್ಲುಕೋಮೀಟರ್‌ನಿಂದ ಒಮ್ಮೆ ರಕ್ತ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಸಕ್ಕರೆ ಇಳಿದಾಗಲೂ ಬೆವರು ಮತ್ತು ನಡುಕದೊಂದಿಗೆ ತಲೆ ಮಂಕಾಗುತ್ತದೆ.

ನೋವನ್ನು ಸೊನ್ನೆಗೆ ಇಳಿಸುವ ಗುರಿ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ನಾನು ಭಾವಿಸುತ್ತೇನೆ. ನೋವು ಶೇಕಡಾ 30ರಷ್ಟು ಇಳಿದರೂ ಅದನ್ನು ಗಣನೀಯ ಸುಧಾರಣೆ ಎಂದು ನೋವಿನ ಚಿಕಿತ್ಸಕರು ಪರಿಗಣಿಸುತ್ತಾರೆ. ಏಳರಲ್ಲಿದ್ದದ್ದು ಐದಕ್ಕಿಳಿದು ತಲೆ ತಿಳಿಯಾಗಿ ಉಳಿದರೆ, ಎರಡಕ್ಕಿಳಿದು ದಿನವಿಡೀ ತೂಕಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ನಾಲ್ಕನೆಯದಾಗಿ, ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಹರಡಿ

ಈ ಕೆಲಸವನ್ನು ಹಗಲು ಬೆಳಕಿನಲ್ಲಿ, ಸಣ್ಣ ಅಕ್ಷರ ಓದಬಲ್ಲ ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಸ್ಟ್ರಿಪ್‌ನ ಮೇಲಿರುವ ಒಂದು ಹೆಸರು ಕಂಪನಿ ಇಟ್ಟದ್ದು. ಅದರ ಜೊತೆಗೆ ಅಚ್ಚಾಗಿರುವ ಔಷಧದ ಹೆಸರೂ ಮಿಲಿಗ್ರಾಂ ಅಂಕಿಯೂ ನಮಗೆ ಬೇಕಾದದ್ದು. ಕಾಲುರಿಗೆ ಕೊಡುವ, ಮನೆಮಂದಿಯೆಲ್ಲ «ನರದ ವಿಟಮಿನ್» ಎಂದು ಕರೆಯುವ ಮಾತ್ರೆಯ ಹಿಂಬದಿಯನ್ನು ಓದಿದರೆ ಅನೇಕ ವೇಳೆ ಮಿಥೈಲ್‌ಕೊಬಾಲಮಿನ್ ಜೊತೆಗೆ ಪ್ರಿಗ್ಯಾಬಲಿನ್ 75 ಮಿ.ಗ್ರಾಂ. ಎಂದಿರುತ್ತದೆ. ಮೊದಲನೆಯದು ಬಿ12 ವಿಟಮಿನ್, ಎರಡನೆಯದು ತೂಕಡಿಕೆಯನ್ನೂ ತಲೆಸುತ್ತನ್ನೂ ತರಬಲ್ಲ ನರದ ಔಷಧ. ಮೂಳೆ ವೈದ್ಯರು ಇದನ್ನು ಬರೆದಿರುತ್ತಾರೆ, ಸಕ್ಕರೆಯ ವೈದ್ಯರು ಗ್ಯಾಬಪೆಂಟಿನ್ ಮತ್ತು ನಾರ್ಟ್ರಿಪ್ಟಲಿನ್ ಸೇರಿದ ಬೇರೊಂದನ್ನು ಬರೆದಿರುತ್ತಾರೆ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸದೆ ಹೋದರೆ ಒಂದೇ ಬಗೆಯ ಔಷಧ ಎರಡು ಹೆಸರಿನಲ್ಲಿ ಹೊಟ್ಟೆ ಸೇರುತ್ತದೆ.

ಪಟ್ಟಿ ಮಾಡುವಾಗ ತಲೆಯನ್ನು ಮಂಕಾಗಿಸುವವನ್ನು ಬೇರೆ ಶಾಯಿಯಲ್ಲಿ ಬರೆಯಿರಿ: ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಲಿನ್, ನಾರ್ಟ್ರಿಪ್ಟಲಿನ್, ಟ್ರಮಡಾಲ್, ಸ್ನಾಯು ಸಡಿಲಿಸುವ ಟಿಜಾನಿಡಿನ್ ಮತ್ತು ಕ್ಲೋರ್‌ಜೋಕ್ಸಜೋನ್, ನಿದ್ದೆಗೆಂದು ಕೊಡುವ ಅಲ್‌ಪ್ರಜೋಲಾಮ್ ಮತ್ತು ಕ್ಲೊನಾಜೆಪಾಮ್, ನೆಗಡಿ ಮತ್ತು ತುರಿಕೆಯ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್. ಒಂದೊಂದೇ ಇದ್ದಾಗ ತಾಳಿಕೊಳ್ಳಬಹುದಾದ ಮಂಪರು ಮೂರು ಸೇರಿದಾಗ ಅಪಾಯದ ಮಟ್ಟಕ್ಕೆ ಹೋಗುತ್ತದೆ. ಟ್ರಮಡಾಲ್‌ನಂಥ ಅಫೀಮು ವರ್ಗದ ಔಷಧದೊಂದಿಗೆ ನಿದ್ದೆಮಾತ್ರೆ ಅಥವಾ ಪ್ರಿಗ್ಯಾಬಲಿನ್ ಕೂಡಿದರೆ ಉಸಿರಾಟವೇ ಕುಗ್ಗಬಹುದು, ಮದ್ಯ ಸೇರಿದರೆ ಇನ್ನೂ ಕೆಟ್ಟದ್ದು. ಟಿಜಾನಿಡಿನ್ ತೆಗೆದುಕೊಳ್ಳುವವರಿಗೆ ಮೂತ್ರದ ಸೋಂಕಿಗೋ ಭೇದಿಗೋ ಸಿಪ್ರೊಫ್ಲಾಕ್ಸಸಿನ್ ಕೊಟ್ಟರೆ ಟಿಜಾನಿಡಿನ್ ರಕ್ತದಲ್ಲಿ ಹಲವು ಪಟ್ಟು ಏರಿ ರಕ್ತದೊತ್ತಡ ಕುಸಿಯುತ್ತದೆ. ಈ ಎರಡನ್ನು ಒಟ್ಟಿಗೆ ತೆಗೆದುಕೊಳ್ಳಲೇಬಾರದು.

ಪ್ಯಾರಾಸಿಟಮಾಲ್ ತಲೆಯನ್ನು ಮಂಕಾಗಿಸುವುದಿಲ್ಲ, ಆದರೆ ಅದು ಅಡಗಿರುವ ಜಾಗಗಳು ಹಲವು. ನೋವಿನ ಸಂಯುಕ್ತ ಮಾತ್ರೆಯಲ್ಲಿ, ಜ್ವರದ ಮಾತ್ರೆಯಲ್ಲಿ, ನೆಗಡಿಯ ಮಾತ್ರೆಯಲ್ಲಿ ಇರುವ ಎಲ್ಲವನ್ನೂ ಕೂಡಿ ನೋಡಬೇಕು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲಿನ ಮಿತಿ. ತೂಕ ಕಡಿಮೆ ಇರುವವರು, ಮದ್ಯ ಸೇವಿಸುವವರು, ಯಕೃತ್ತಿನ ತೊಂದರೆ ಇರುವವರಿಗೆ ಅದಕ್ಕಿಂತ ಕಡಿಮೆ, ಎಷ್ಟೆಂಬುದನ್ನು ವೈದ್ಯರೇ ಹೇಳಬೇಕು. ನೋವು ಮತ್ತು ಊತದ ಮಾತ್ರೆಗಳಾದ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಕೂಡ ಸಾಮಾನ್ಯವಾಗಿ ಮಂಪರು ತರುವುದಿಲ್ಲವಾದರೂ ದಿನನಿತ್ಯ ತಿಂಗಳುಗಟ್ಟಲೆ ತೆಗೆದುಕೊಂಡರೆ ಜಠರದ ಹುಣ್ಣು, ಮೂತ್ರಪಿಂಡದ ಹಾನಿ, ರಕ್ತದೊತ್ತಡದ ಏರಿಕೆ ಉಂಟಾಗಬಹುದು. ನರದ ಉರಿಗೆ ಇವುಗಳಿಂದ ಹೆಚ್ಚು ಉಪಯೋಗವೂ ಇಲ್ಲ. ಪಾದ ಉರಿಯುವುದಕ್ಕೆಂದು ಮೆಡಿಕಲ್ ಅಂಗಡಿಯಿಂದ ಇವನ್ನು ತಂದು ನುಂಗುವುದು ಮೂತ್ರಪಿಂಡಕ್ಕೆ ಸುಮ್ಮನೆ ಹೊರೆ.

ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ನೋವಿನ ಪುಡಿ ಮತ್ತು ಕಪ್ಪು ಗುಳಿಗೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಗತಿ ಮತ್ತೆ ಮತ್ತೆ ಬೆಳಕಿಗೆ ಬಂದಿದೆ. ವಾರದಲ್ಲಿ ನೋವು ಮಾಯವಾಗಿ, ಮುಖ ಊದಿ, ಸಕ್ಕರೆ ಏರಿದರೆ ಆ ಪೊಟ್ಟಣವನ್ನು ಕೈಯಲ್ಲಿ ಹಿಡಿದು ವೈದ್ಯರ ಬಳಿಗೆ ಹೋಗಿ. ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಮಾತ್ರ ಒಮ್ಮೆಗೇ ನಿಲ್ಲಿಸಬೇಡಿ, ಏಕೆಂದರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರಬಹುದು.

ಐದನೆಯದಾಗಿ, ವೈದ್ಯರಿಗೆ ನಿಮ್ಮ ದಿನದ ಆಕಾರವನ್ನು ತಿಳಿಸಿ

«ಮಾತ್ರೆ ಆಗಿಬರುತ್ತಿಲ್ಲ» ಎಂದರೆ ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ. «ಡಾಕ್ಟ್ರೇ, ಬೆಳಿಗ್ಗೆ ಹತ್ತರಿಂದ ಎರಡರವರೆಗೆ ನಾನು ಲೆಕ್ಕ ಬರೆಯಬೇಕು. ಆ ಹೊತ್ತಿನಲ್ಲಿ ತಲೆ ಚುರುಕಾಗಿರಬೇಕು. ರಾತ್ರಿ ಉರಿ ಸ್ವಲ್ಪ ಉಳಿದರೂ ತಾಳಿಕೊಳ್ಳುತ್ತೇನೆ» ಎಂದರೆ ಅವರಿಗೆ ಕೆಲಸ ಮಾಡಲು ಒಂದು ಹಿಡಿಕೆ ಸಿಗುತ್ತದೆ. ದಿನಚರಿಯನ್ನೂ ಮಾತ್ರೆಗಳ ಪಟ್ಟಿಯನ್ನೂ ಮುಂದಿಟ್ಟು ನಾಲ್ಕು ವಿಷಯ ಕೇಳಿ: ಇವುಗಳಲ್ಲಿ ಯಾವುದನ್ನು ಬಿಡಬಹುದು, ಯಾವುದರ ಪ್ರಮಾಣ ತಗ್ಗಿಸಬಹುದು, ಯಾವುದರ ಸಮಯ ಬದಲಿಸಬಹುದು, ಮಂಪರು ಕಡಿಮೆ ಇರುವ ಬೇರೆ ಔಷಧ ಇದೆಯೇ.

ಸಮಯ ಬದಲಿಸುವುದು ಸಣ್ಣ ವಿಷಯದಂತೆ ಕಂಡರೂ ಪರಿಣಾಮ ದೊಡ್ಡದು. ಅಮಿಟ್ರಿಪ್ಟಲಿನ್ ಅನ್ನು ನೋವಿಗೆ ಸಾಮಾನ್ಯವಾಗಿ ರಾತ್ರಿ 10 ಮಿ.ಗ್ರಾಂ.ನಿಂದ ಆರಂಭಿಸುತ್ತಾರೆ. ಅದನ್ನು ದಿಂಬಿಗೆ ತಲೆ ಕೊಡುವ ಮುನ್ನ ನುಂಗುವ ಬದಲು ಒಂದೆರಡು ಗಂಟೆ ಮೊದಲೇ ತೆಗೆದುಕೊಂಡರೆ ಬೆಳಗಿನ ಮಂಕು ಅನೇಕರಲ್ಲಿ ಕಡಿಮೆಯಾಗುತ್ತದೆ. ಅರವತ್ತೈದು ದಾಟಿದವರಲ್ಲಿ ಈ ಔಷಧ ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವಿಕೆ ತರಬಹುದು. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಪ್ರೋಸ್ಟೇಟ್ ಅಥವಾ ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಪ್ರಿಗ್ಯಾಬಲಿನ್ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಕ್ರಿಯಾಟಿನಿನ್ ಏರಿರುವವರಿಗೆ ಪ್ರಮಾಣ ತಗ್ಗಿಸಬೇಕಾಗುತ್ತದೆ. ತಗ್ಗಿಸದಿದ್ದರೆ ಔಷಧ ದೇಹದಲ್ಲೇ ಉಳಿದು ಹಗಲೆಲ್ಲ ಜೋಲುವಂತೆ ಮಾಡುತ್ತದೆ. ಸಕ್ಕರೆಯವರ ಕಾಲುರಿಗೂ ಮಂಡಿನೋವಿಗೂ ಬಳಸುವ ಡ್ಯುಲೋಕ್ಸೆಟಿನ್‌ನಲ್ಲಿ ಮಂಪರು ಹಲವರಿಗೆ ಕಡಿಮೆ. ಮೊದಲ ದಿನಗಳಲ್ಲಿ ವಾಕರಿಕೆ ಇರಬಹುದು, ಟ್ರಮಡಾಲ್ ಜೊತೆ ಅದನ್ನು ಸೇರಿಸುವುದನ್ನು ತಪ್ಪಿಸಬೇಕು.

ತಲೆಗೆ ಏರದ ದಾರಿಗಳೂ ಇವೆ. ಮಂಡಿ ಮತ್ತು ಕೈಬೆರಳಿನ ಕೀಲುನೋವಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವ ಔಷಧ ಮಾತ್ರೆಗಿಂತ ಬಹಳ ಕಡಿಮೆ. ನರದ ಉರಿಗೆ ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮನ್ನು ವೈದ್ಯರು ಸೂಚಿಸಬಹುದು. ಅದು ಮೊದಲ ಕೆಲವು ದಿನ ಹೆಚ್ಚು ಉರಿಯುತ್ತದೆ, ಬಿರುಕು ಗಾಯಗಳಿರುವ ಚರ್ಮಕ್ಕೆ ಹಚ್ಚಬಾರದು, ಹಚ್ಚಿದ ಕೈಯನ್ನು ತೊಳೆಯದೆ ಕಣ್ಣು ಮುಟ್ಟಬಾರದು.

ಒಮ್ಮೆಗೆ ಒಂದೇ ಬದಲಾವಣೆ ಮಾಡಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ. ನರನೋವಿನ ಔಷಧಗಳಲ್ಲಿ ಮಂಪರು ಮೊದಲ ದಿನವೇ ಬರುತ್ತದೆ, ಉಪಶಮನಕ್ಕೆ ಮಾತ್ರ ಕೆಲವು ವಾರ ಬೇಕಾಗಬಹುದು. ಈ ನಡುವಿನ ದಿನಗಳಲ್ಲೇ ಬಹಳ ಜನ ಕೈಬಿಡುತ್ತಾರೆ. ಮೊದಲ ಮಾತ್ರೆಯನ್ನು ಮರುದಿನ ರಜೆ ಇರುವ ರಾತ್ರಿ ಆರಂಭಿಸಿ, ಹೊಂದಿಕೊಳ್ಳುವವರೆಗೆ ಸ್ಕೂಟರ್ ಓಡಿಸಬೇಡಿ, ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪವಿರಲಿ.

ಟ್ರಮಡಾಲ್ 2018ರ ಏಪ್ರಿಲ್‌ನಿಂದ ಭಾರತದಲ್ಲಿ ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬಂದಿದೆ. ಕ್ಯಾನ್ಸರ್ ಅಲ್ಲದ ದೀರ್ಘಕಾಲದ ನೋವಿಗೆ ಇದನ್ನು ದಿನನಿತ್ಯದ ಮಾತ್ರೆ ಮಾಡಿಕೊಳ್ಳದಿರುವುದೇ ಕ್ಷೇಮ. ಕ್ಯಾನ್ಸರ್ ನೋವಿನ ಮಾತು ಬೇರೆ. ಅಲ್ಲಿ ಮಾರ್ಫಿನ್ ಎಂದೊಡನೆ ಮನೆಯವರು ಹೆದರಿ ರೋಗಿಯನ್ನು ನರಳಲು ಬಿಡುವುದನ್ನು ಕಂಡರೆ ಸಂಕಟವಾಗುತ್ತದೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಆರಂಭದ ಮಂಪರು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿದು ರೋಗಿ ಮನೆಯವರೊಂದಿಗೆ ಮಾತನಾಡುವಂತಾಗುತ್ತಾರೆ. ಮಲಬದ್ಧತೆಗೆ ಮಾತ್ರ ಮೊದಲ ದಿನದಿಂದಲೇ ಔಷಧ ಬೇಕು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಆರೈಕೆ ನೀಡುತ್ತದೆ.

ಆರನೆಯದಾಗಿ, ಕೆಲಸ, ನಡಿಗೆ ಮತ್ತು ನಿದ್ದೆಯನ್ನು ಅಳತೆಗೆ ತನ್ನಿ

ನೋವು ಕಡಿಮೆ ಇರುವ ದಿನ ಬಾಕಿಯಿದ್ದ ಕೆಲಸವನ್ನೆಲ್ಲ ಒಟ್ಟಿಗೆ ಮಾಡಿ, ಮುಂದಿನ ಎರಡು ದಿನ ಮಲಗುವುದು ನೋವಿರುವವರ ಸಾಮಾನ್ಯ ಚಕ್ರ. ಇದನ್ನು ಮುರಿಯಲು, ಕೆಟ್ಟ ದಿನದಲ್ಲೂ ಮಾಡಬಲ್ಲಷ್ಟನ್ನು ನಿತ್ಯದ ಅಳತೆ ಮಾಡಿಕೊಳ್ಳಿ. ಹತ್ತು ನಿಮಿಷ ನಡೆದರೆ ನೋವು ಏರದು ಎಂದಾದರೆ ಒಳ್ಳೆಯ ದಿನವೂ ಹತ್ತೇ ನಿಮಿಷ ನಡೆಯಿರಿ, ವಾರಕ್ಕೊಂದು ನಿಮಿಷ ಕೂಡಿಸುತ್ತಾ ಹೋಗಿ. ಕುಳಿತು ಕೆಲಸ ಮಾಡುವವರು ಸೊಂಟ ಹಿಡಿಯುವ ಮೊದಲೇ ಏಳಬೇಕು. ಅರ್ಧ ಗಂಟೆಗೆ ಹಿಡಿಯುವುದಾದರೆ ಇಪ್ಪತ್ತೈದು ನಿಮಿಷಕ್ಕೆ ಗಂಟೆ ಇಟ್ಟುಕೊಂಡು, ಎದ್ದು ನೀರು ಕುಡಿದು ಬರಬೇಕು. ಚಪಾತಿ ಲಟ್ಟಿಸುವುದು, ತರಕಾರಿ ಹೆಚ್ಚುವುದು ಮುಂತಾದ ಅಡುಗೆಮನೆಯ ಕೆಲಸಕ್ಕೂ ಇದೇ ಕ್ರಮ ಅನ್ವಯಿಸುತ್ತದೆ, ಮತ್ತು ಆ ವಿರಾಮವನ್ನು ಮನೆಯವರು ಸೋಮಾರಿತನವೆಂದು ಕಾಣಬಾರದು. ದಿನಚರಿಯಲ್ಲಿ ತಿಳಿ ಹೆಚ್ಚಿರುವ ಗಂಟೆಗಳು ಯಾವುವೆಂದು ನೋಡಿ, ಬ್ಯಾಂಕಿನ ವ್ಯವಹಾರ, ಲೆಕ್ಕ, ಸಹಿ ಹಾಕುವ ಕಾಗದಪತ್ರಗಳನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ.

ಸ್ಪರ್ಶ ಕುಂದಿದ ಪಾದಕ್ಕೆ ಬಿಸಿನೀರಿನ ಚೀಲ ಇಡಬೇಡಿ, ಕಾದ ನೀರಿನಲ್ಲಿ ಕಾಲು ಮುಳುಗಿಸಬೇಡಿ; ಸುಟ್ಟದ್ದೇ ತಿಳಿಯುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬೊಬ್ಬೆ ಬರಿಸಿಕೊಳ್ಳುವವರಿದ್ದಾರೆ; ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು.

ನಿದ್ದೆಗೆ ಸಂಬಂಧಿಸಿ, ಏಳುವ ಸಮಯವನ್ನು ಬದಲಿಸದಿರುವುದು ಮುಖ್ಯ. ಕಾಫಿಯ ಕೆಫೀನ್ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕಾಗುವುದರಿಂದ ಹಗಲಿನ ಮಂಪರು ಕಳೆಯಲು ಸಂಜೆ ಕುಡಿದ ಕಾಫಿ ರಾತ್ರಿಯ ನಿದ್ದೆಯನ್ನು ಕೆಡಿಸುತ್ತದೆ. ಕೊನೆಯ ಲೋಟ ಮಧ್ಯಾಹ್ನ ಎರಡರೊಳಗೆ ಮುಗಿಯಲಿ.

ಏಳನೆಯದಾಗಿ, ಮನಸ್ಸಿಗೂ ಚಿಕಿತ್ಸೆ ಇದೆ ಎಂಬುದನ್ನು ಒಪ್ಪಿಕೊಳ್ಳಿ

«ನೋವು ಮನಸ್ಸಿನದು» ಎಂಬ ಮಾತು ಕೇಳಿ ನೊಂದವರು ಈ ಭಾಗವನ್ನು ಬಿಟ್ಟುಬಿಡುವ ಸಾಧ್ಯತೆ ಇದೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ನೋವಿನ ಸಂಕೇತ ಬೆನ್ನುಹುರಿಯಲ್ಲೇ ಹೆಚ್ಚು ಕಡಿಮೆಯಾಗಬಲ್ಲದು, ಮತ್ತು ಅದರಲ್ಲಿ ಮಿದುಳಿಗೂ ಪಾಲಿದೆ ಎಂಬ ವಿವರಣೆಯನ್ನು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಮಂಡಿಸಿದರು. ಭಯ, ಒಂಟಿತನ, ನಿದ್ದೆಗೇಡು ನೋವನ್ನು ನಿಜವಾಗಿಯೂ ಹೆಚ್ಚಿಸುತ್ತವೆ. ಆಲೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಬದಲಿಸಲು ಕಲಿಸುವ ಅರಿವಿನ ವರ್ತನಾ ಚಿಕಿತ್ಸೆ ಮತ್ತು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ರೂಪಿಸಿದ ಧ್ಯಾನಾಧಾರಿತ ಕಾರ್ಯಕ್ರಮ ಈ ದಾರಿಯಲ್ಲೇ ಕೆಲಸ ಮಾಡುತ್ತವೆ, ಮತ್ತು ಇವುಗಳಿಂದ ತಲೆ ಮಂಕಾಗುವ ಪ್ರಶ್ನೆಯೇ ಇಲ್ಲ. ಮನೆಯಲ್ಲಿ ಆರಂಭಿಸಲು, ಬೆನ್ನಿಗೆ ಆಸರೆ ಇಟ್ಟು ಕುಳಿತು, ನಾಲ್ಕು ಎಣಿಸುತ್ತಾ ಉಸಿರು ಎಳೆದು ಆರು ಎಣಿಸುತ್ತಾ ಬಿಡಿ. ಐದು ನಿಮಿಷ, ದಿನಕ್ಕೆರಡು ಬಾರಿ ಸಾಕು. ನೋವು ಕಡಿಮೆ ಇರುವಾಗಲೇ ರೂಢಿಸಿಕೊಂಡರೆ ನೋವು ಏರಿದಾಗ ಅದು ಕೈಹಿಡಿಯುತ್ತದೆ.

ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಕಾರಣವಿಲ್ಲದೆ ಅಳು ಬರುವುದು ಎರಡು ವಾರಕ್ಕಿಂತ ಹೆಚ್ಚು ಉಳಿದರೆ ಅದನ್ನೂ ವೈದ್ಯರಿಗೆ ಹೇಳಿ. ಬದುಕುವುದೇ ಬೇಡ ಎಂಬ ಆಲೋಚನೆ ಬಂದರೆ ಆ ಕ್ಷಣವೇ ಹತ್ತಿರದವರೊಬ್ಬರಿಗೆ ತಿಳಿಸಿ, 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ ಇದು; ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಕೊನೆಯದಾಗಿ, ಮಾತ್ರೆ ಇಳಿಸುವುದನ್ನೂ ಕ್ರಮವಾಗಿ ಮಾಡಿ

ಮೂರು ತಿಂಗಳಿಗೊಮ್ಮೆ ಪಟ್ಟಿಯ ಪ್ರತಿಯೊಂದು ಮಾತ್ರೆಯ ಬಗ್ಗೆಯೂ, ಇದರಿಂದ ಈಗಲೂ ಉಪಯೋಗವಾಗುತ್ತಿದೆಯೇ ಎಂದು ವೈದ್ಯರೊಂದಿಗೆ ಚರ್ಚಿಸಿ. ತಾಳಿಕೊಳ್ಳಬಹುದಾದ ಪ್ರಮಾಣದಲ್ಲಿ ಒಂದೆರಡು ತಿಂಗಳು ತೆಗೆದುಕೊಂಡರೂ ನೋವಿನ ಅಂಕಿ ಅಲುಗಾಡದಿದ್ದರೆ ಆ ಔಷಧವನ್ನು ಹೊರುವ ಅಗತ್ಯವಿಲ್ಲ. ಆದರೆ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಡ್ಯುಲೋಕ್ಸೆಟಿನ್, ಅಮಿಟ್ರಿಪ್ಟಲಿನ್, ಟ್ರಮಡಾಲ್ ಮತ್ತು ನಿದ್ದೆಮಾತ್ರೆಗಳಲ್ಲಿ ಯಾವುದನ್ನೂ ಹಠಾತ್ತನೆ ನಿಲ್ಲಿಸಬಾರದು. ನಿದ್ದೆಗೇಡು, ಬೆವರು, ಕಳವಳ, ಕೆಲವು ಔಷಧಗಳಲ್ಲಿ ಫಿಟ್ಸ್ ಕೂಡ ಬರಬಹುದು. ಅನೇಕ ವರ್ಷ ತೆಗೆದುಕೊಂಡ ನಿದ್ದೆಮಾತ್ರೆಯನ್ನು ಇಳಿಸಲು ತಿಂಗಳುಗಳೇ ಬೇಕಾಗಬಹುದು. ಹಲವು ಔಷಧಗಳಿದ್ದಾಗ ಒಂದು ಪೂರ್ತಿ ಇಳಿದ ಮೇಲೆ ಇನ್ನೊಂದಕ್ಕೆ ಕೈಹಾಕಿ, ಇಳಿಸುವ ವಾರಗಳಲ್ಲಿ ದಿನಚರಿಯನ್ನು ಮತ್ತೆ ಬರೆಯಿರಿ. ಇಳಿಸಿದ ಮೊದಲ ದಿನಗಳಲ್ಲಿ ನೋವು ತುಸು ಏರಿದರೆ ಅದು ಮಾತ್ರೆ ಬಿಟ್ಟದ್ದರ ತಾತ್ಕಾಲಿಕ ಪ್ರತಿಕ್ರಿಯೆಯೂ ಇರಬಹುದು. ಎರಡು ವಾರದ ಅಂಕಿಗಳನ್ನು ನೋಡಿದ ಮೇಲೆಯೇ ಹಳೆಯ ಪ್ರಮಾಣಕ್ಕೆ ಮರಳಬೇಕೇ ಎಂಬುದನ್ನು ವೈದ್ಯರೊಂದಿಗೆ ಕೂತು ನಿರ್ಧರಿಸಿ.